ಸೂಪರ್‌ಚಾರ್ಜರಾ, ನೈಟ್ರಸ್ಸಾ? ಡ್ರ್ಯಾಗ್ ಓಟದ ಲೆಕ್ಕ, ತುಮಕೂರಿನ ಗಾಳಿಯಲ್ಲಿ

ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ ಕೊಡುವುದು ದೊಡ್ಡ ವಿಷಯವಲ್ಲ. ಅದನ್ನು ಉರಿಸುವಷ್ಟು ಆಮ್ಲಜನಕ ಒಳಗೆ ಹೋಗಬೇಕು, ಕಷ್ಟ ಇರುವುದು ಅಲ್ಲಿ. ಸೂಪರ್‌ಚಾರ್ಜರ್ ಹೊರಗಿನ ಗಾಳಿಯನ್ನೇ ಒತ್ತಿ ತುಂಬುತ್ತದೆ. ನೈಟ್ರಸ್, ಅಂದರೆ ನೈಟ್ರಸ್ ಆಕ್ಸೈಡ್ ಅನಿಲ, ಆಮ್ಲಜನಕವನ್ನು ಬಾಟಲಿಯಲ್ಲಿ ಹೊತ್ತು ತರುತ್ತದೆ. ಡ್ರ್ಯಾಗ್ ಓಟ ನಿಂತಲ್ಲಿಂದ ಹೊರಟು ನೇರ ಟ್ರ್ಯಾಕ್‌ನಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್. ಇದಿಷ್ಟು ಎಲ್ಲರಿಗೂ ಗೊತ್ತು, ಮುಂದೆ ಹೋಗೋಣ.

7 ಪಿಎಸ್‌ಐ ಬೂಸ್ಟ್ ಅಂದರೆ ಎಷ್ಟು ಗಾಳಿ?

ಎಡವುವುದು ಇಲ್ಲೇ, ಅದಕ್ಕೇ ನಿಧಾನವಾಗಿ ಬರೆಯುತ್ತೇನೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್). ಬೂಸ್ಟ್ ಅಂದರೆ ಅದರ ಮೇಲೆ ಸೂಪರ್‌ಚಾರ್ಜರ್ ಸೇರಿಸುವ ಒತ್ತಡ, 7 ಸೇರಿದರೆ 21.7. 14.7ರಿಂದ ಭಾಗಿಸಿದರೆ 1.48. ಹಾಗಾದರೆ ಪವರ್ 48% ಜಾಸ್ತಿ ಆಯ್ತು ಅಲ್ವಾ? ಇಲ್ಲ.

ಸೈಕಲ್‌ಗೆ ಗಾಳಿ ಹೊಡೆದ ಮೇಲೆ ಪಂಪಿನ ತಳ ಮುಟ್ಟಿ ನೋಡಿ, ಬಿಸಿ ಇರುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಕಾದ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ಅಷ್ಟೇ ಜಾಗದಲ್ಲಿ ಕಡಿಮೆ ತೂಗುತ್ತದೆ. ಇಂಜಿನ್‌ಗೆ ಬೇಕಾದದ್ದು ತೂಕ, ಒತ್ತಡ ಅಲ್ಲ.

ಲೆಕ್ಕ ಹೀಗೆ. ಹೊರಗೆ 30 ಡಿಗ್ರಿ ಇದೆ ಅಂದುಕೊಳ್ಳಿ. ಮೊದಲು 273 ಸೇರಿಸಿ, 303 ಕೆಲ್ವಿನ್. ಒತ್ತಡದ ಅನುಪಾತ 1.48 ಅನ್ನು, ಗಾಳಿಗೆ ಬಳಸುವ ಸ್ಥಿರಾಂಕ 0.286ರ ಘಾತಕ್ಕೆ ಏರಿಸಿದರೆ ಸುಮಾರು 1.12 ಬರುತ್ತದೆ. ಅಂದರೆ ಬಿಸಿ 12% ಏರಬೇಕು, 303ರಲ್ಲಿ ಅದು 36 ಡಿಗ್ರಿ. ಇದು ಪುಸ್ತಕದ ಆದರ್ಶ ಯಂತ್ರಕ್ಕೆ. ನಮ್ಮ ಸೂಪರ್‌ಚಾರ್ಜರ್‌ನ ದಕ್ಷತೆ 60% ಅಂತ ಹಿಡಿದರೆ 36ನ್ನು 0.6ರಿಂದ ಭಾಗಿಸಬೇಕು. 60 ಡಿಗ್ರಿ. ಹಾಗಾಗಿ ಗಾಳಿ ಹೊರಬರುವುದು 90 ಡಿಗ್ರಿಯಲ್ಲಿ, ಅಂದರೆ 363 ಕೆಲ್ವಿನ್.

ಈಗ 1.48 × 303 ÷ 363. ಉತ್ತರ 1.24. ನಲವತ್ತೆಂಟು ಅಂದುಕೊಂಡದ್ದು ಇಪ್ಪತ್ನಾಲ್ಕಾಯಿತು! ಅರ್ಧ ಲಾಭ ಬಿಸಿಗೇ ಹೋಯಿತು. ಈ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಹಾಕಿ 50 ಡಿಗ್ರಿಗೆ ಇಳಿಸಿದರೆ 1.39ಕ್ಕೆ ಬರುತ್ತದೆ. ಇಂಟರ್‌ಕೂಲರ್ ಸುಮ್ನೆ ಶೋಕಿಗಲ್ಲ ಅನ್ನುವುದು ಈ ಒಂದು ಸಾಲಿನಲ್ಲಿ ಗೊತ್ತಾಗುತ್ತದೆ.

273 ಸೇರಿಸದೆ ಮಾಡಿದರೆ ಏನಾಗುತ್ತದೆ ಅಂತ ಅನುಮಾನ ಇದ್ದರೆ, 1.48 × 30 ÷ 90 ಮಾಡಿ ನೋಡಿ. 0.49 ಬರುತ್ತದೆ. ಸೂಪರ್‌ಚಾರ್ಜರ್ ಹಾಕಿದ್ದಕ್ಕೆ ಗಾಳಿ ಅರ್ಧಕ್ಕೆ ಇಳಿಯಿತು ಅಂತ ಅರ್ಥ. ಇಂಥ ಉತ್ತರ ಬಂದರೆ ಕೆಲ್ವಿನ್ ಮರೆತಿದ್ದೀರಿ.

ಇನ್ನೂ ಬೆಲ್ಟ್ ಉಳಿದಿದೆ. ಸೂಪರ್‌ಚಾರ್ಜರ್ ತಿರುಗಲು ಇಂಜಿನ್ನೇ ಕ್ರ್ಯಾಂಕ್‌ನಿಂದ ಶಕ್ತಿ ಕೊಡಬೇಕು. 707 ಎಚ್‌ಪಿಯ ಡಾಡ್ಜ್ ಹೆಲ್‌ಕ್ಯಾಟ್‌ನಲ್ಲಿ ಇದಕ್ಕೇ ಸುಮಾರು 80 ಎಚ್‌ಪಿ ಬೇಕು ಅನ್ನುತ್ತಾರೆ. ಅದರ ಅಣ್ಣ, 2018ರ ಡೀಮನ್, ಎ.ಸಿ.ಯ ತಂಪನ್ನು ಇಂಜಿನ್‌ಗೆ ಹೋಗುವ ಗಾಳಿಯ ಕಡೆ ತಿರುಗಿಸುತ್ತದೆ. ಕಾಲು ಮೈಲಿಯನ್ನು 9.65 ಸೆಕೆಂಡಿನಲ್ಲಿ ಮುಗಿಸಿದ ಕಾರು ಅದು. ಬಿಸಿಯ ಮೇಲೆ ಎಷ್ಟು ಕಣ್ಣಿಟ್ಟಿದ್ದಾರೆ ನೋಡಿ.

ತುಮಕೂರಿನ ಎತ್ತರ

ನಮ್ಮೂರು ಸಮುದ್ರ ಮಟ್ಟದಿಂದ 800 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 13.3 ಪಿಎಸ್‌ಐ ಮಾತ್ರ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನಲ್ಲಿ 200 ಎಚ್‌ಪಿ ಕೊಡುವ ಕಾರು ಇಲ್ಲಿ 181ರ ಆಸುಪಾಸು ಕೊಡುತ್ತದೆ.

ಪುಲ್ಲಿ ಅದೇ ಇದ್ದರೆ ಸೂಪರ್‌ಚಾರ್ಜರ್‌ನ ಅನುಪಾತವೂ ಹೆಚ್ಚುಕಡಿಮೆ ಅದೇ, 1.48. ಆದರೆ ಗುಣಿಸುವುದು 13.3ರಿಂದ. ಹಾಗಾಗಿ ಗೇಜ್ 7ರ ಬದಲು 6.4 ತೋರಿಸುತ್ತದೆ. ಬೆಲ್ಟ್ ಜಾರುತ್ತಿದೆ ಅಂತ ಬಿಗಿ ಮಾಡಲು ಹೋಗಬೇಡಿ. ಬೆಲ್ಟಿನ ಖರ್ಚು ಬಿಟ್ಟರೆ, ಇಂಟರ್‌ಕೂಲರ್ ಸಮೇತ ಚೆನ್ನೈಯಲ್ಲಿ 278, ಇಲ್ಲಿ 251.

ನೈಟ್ರಸ್ ಕಥೆ ಬೇರೆ. 100 ಎಚ್‌ಪಿ ಜೆಟ್ (ಹರಿವನ್ನು ಅಳೆದು ಬಿಡುವ ಸಣ್ಣ ರಂಧ್ರ) ಹಾಕಿದರೆ ಬಾಟಲಿಯಿಂದ ಬರುವ ಆಮ್ಲಜನಕ ಎರಡೂ ಕಡೆ ಒಂದೇ. ಚೆನ್ನೈಯಲ್ಲಿ 300, ತುಮಕೂರಿನಲ್ಲಿ 281. ಎತ್ತರದ ಪೆಟ್ಟು ಇಂಜಿನ್ನಿನ ಪಾಲಿಗೆ ಮಾತ್ರ ಬೀಳುತ್ತದೆ, ನೈಟ್ರಸ್ ಪಾಲಿಗಿಲ್ಲ.

ನೈಟ್ರಸ್

ತೂಕದಲ್ಲಿ ಗಾಳಿಯ 23% ಆಮ್ಲಜನಕ, ನೈಟ್ರಸ್ ಆಕ್ಸೈಡ್‌ನಲ್ಲಿ 36%. ತಾನಾಗಿ ಉರಿಯುವ ಅನಿಲವಲ್ಲ. ಸುಮಾರು 300 ಡಿಗ್ರಿಯಲ್ಲಿ ಒಡೆದು ಆಮ್ಲಜನಕ ಬಿಡುತ್ತದೆ. ದ್ರವವಾಗಿ ಬಂದು ಆವಿಯಾಗುವಾಗ ಗಾಳಿಯನ್ನು ತಂಪು ಮಾಡುತ್ತದೆ, ಅಂದರೆ ಇಂಟರ್‌ಕೂಲರ್ ಬಿಟ್ಟಿ.

ಗಮನ ಇಡಬೇಕಾದದ್ದು ಬಾಟಲಿಯ ಒತ್ತಡದ ಮೇಲೆ. ಕಿಟ್‌ಗಳಿಗೆ ಸಾಮಾನ್ಯವಾಗಿ 900ರಿಂದ 1000 ಪಿಎಸ್‌ಐ ಬೇಕು. ಈ ಒತ್ತಡ ಬಾಟಲಿ ಎಷ್ಟು ಬಿಸಿ ಇದೆ ಅನ್ನುವುದರ ಮೇಲೆ ನಿಂತಿದೆ. 30 ಡಿಗ್ರಿಯಲ್ಲಿ ಸುಮಾರು 915. ಡಿಸೆಂಬರ್ ಬೆಳಗ್ಗೆ 15 ಡಿಗ್ರಿ ಇದ್ದರೆ ಸುಮಾರು 650. ಹರಿವು ಒತ್ತಡದ ವರ್ಗಮೂಲದಂತೆ ಇಳಿಯುವುದರಿಂದ ನೈಟ್ರಸ್ 16% ಕಡಿಮೆ ಬರುತ್ತದೆ. ಪೆಟ್ರೋಲ್ ಜೆಟ್ ಮಾತ್ರ ಅಷ್ಟೇ ಸುರಿಯುತ್ತಿರುತ್ತದೆ. ಮಿಶ್ರಣ ರಿಚ್, ಕಾರು ಮಂಕು.

ಏಪ್ರಿಲ್‌ನಲ್ಲಿ ಉಲ್ಟಾ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ ಸುಲಭವಾಗಿ 36 ಡಿಗ್ರಿ ದಾಟುತ್ತದೆ. ಆಮೇಲೆ ಒಳಗೆ ದ್ರವ, ಆವಿ ಅಂತ ಬೇರೆ ಬೇರೆ ಇರುವುದಿಲ್ಲ, ತುಂಬಿದ ಬಾಟಲಿಯ ಒತ್ತಡ ಗಬಕ್ಕನೆ ಮೇಲೇರುತ್ತದೆ. ನೈಟ್ರಸ್ ಜಾಸ್ತಿ, ಪೆಟ್ರೋಲ್ ಅಷ್ಟೇ. ಮಿಶ್ರಣ ಲೀನ್ ಆಗಿ ಪಿಸ್ಟನ್ ಕರಗುವುದು ಹೀಗೆ. ಅಮೆರಿಕದವರು ಬಾಟಲಿಗೆ ಹೀಟರ್ ಕಟ್ಟುತ್ತಾರೆ. ನಮ್ಮ ಬೇಸಿಗೆಗೆ ಒದ್ದೆ ಗೋಣಿಚೀಲವೇ ಸರಿ. ಗೇಜ್ ನೋಡದೆ ಸ್ವಿಚ್ ಒತ್ತಬಾರದು.

ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ, ಪ್ರತಿ 50 ಎಚ್‌ಪಿಗೆ ಸುಮಾರು 2 ಡಿಗ್ರಿ ಹಿಂದಕ್ಕೆ. ಇದು ಕಣ್ಣಳತೆ ಲೆಕ್ಕ, ಕಿಟ್‌ನವರು ಹೇಳಿದ್ದೇ ಅಂತಿಮ.

ಗೆರೆ ಬಿಡುವಾಗ

ಸೂಪರ್‌ಚಾರ್ಜರ್‌ಗಳಲ್ಲಿ ಮೂರು ಬಗೆ ನೋಡೋಣ. ರೂಟ್ಸ್, ಟ್ವಿನ್ ಸ್ಕ್ರೂ ಎರಡೂ ಕೆಳಗಿನ ಆರ್‌ಪಿಎಂನಿಂದಲೇ ಎಳೆಯುತ್ತವೆ. ಟೈರ್ ಹಿಡಿದರೆ ಮೊದಲ 60 ಅಡಿ ನಿಮ್ಮದು. ಸೆಂಟ್ರಿಫ್ಯೂಗಲ್‌ನ ಬೂಸ್ಟ್ ಆರ್‌ಪಿಎಂ ಏರಿದಂತೆ ಬರುತ್ತದೆ, ಟೈರ್ ಜಾರುವುದು ಕಡಿಮೆ. ನೈಟ್ರಸ್ಸನ್ನು ಗೆರೆಯಲ್ಲೇ ಬಿಟ್ಟರೆ ಬರೀ ಹೊಗೆ. 3000 ಆರ್‌ಪಿಎಂ ದಾಟಿ, ಪೆಡಲ್ ಪೂರ್ತಿ ಒತ್ತಿದಾಗ ಮಾತ್ರ ತೆರೆಯುವ ಹಾಗೆ ವಿಂಡೋ ಸ್ವಿಚ್ ಹಾಕುತ್ತಾರೆ.

ನನ್ನ ಆಯ್ಕೆ

ವರ್ಷಕ್ಕೆ ಒಂದೆರಡು ಸಲ ಡ್ರ್ಯಾಗ್ ಟ್ರ್ಯಾಕ್‌ಗೆ ಹೋಗುವವರಿಗೆ ನೈಟ್ರಸ್. ಖರ್ಚು ಕಡಿಮೆ, 10 ಪೌಂಡಿನ ಬಾಟಲಿ ತುಂಬಿದಾಗ 11-12 ಕೆಜಿ, ಒತ್ತದಿದ್ದಾಗ ಇಂಜಿನ್ ಎಂದಿನಂತೆ ಇರುತ್ತದೆ. 100 ಎಚ್‌ಪಿಗೆ ಹತ್ತು ಸೆಕೆಂಡಿಗೆ ಹತ್ತಿರಹತ್ತಿರ ಒಂದು ಪೌಂಡ್ ಖಾಲಿ. ಕೊನೆಯ ಓಟಗಳಲ್ಲಿ ಒತ್ತಡ ಬಿದ್ದಿರುತ್ತದೆ, ಹಾಗಾಗಿ ಹತ್ತೂ ಓಟ ಒಂದೇ ಥರ ಬರುವುದಿಲ್ಲ. ಬಾಟಲಿ ತುಂಬಿಸಿಕೊಳ್ಳುವುದು ಎಲ್ಲಿ ಅಂತ ಮೊದಲೇ ವಿಚಾರಿಸಿಕೊಳ್ಳಿ. ದಿನಾ ಓಡಿಸುವ ಕಾರಿಗೆ ಸೂಪರ್‌ಚಾರ್ಜರ್ ಮೇಲು. ಆದರೆ ಬಿಸಿಲಿನ ಸಾಲಿನಲ್ಲಿ ಕಾದು ಎರಡನೇ ಓಟಕ್ಕೆ ಹೋದರೆ ಇಂಟರ್‌ಕೂಲರ್ ಕಾದಿರುತ್ತದೆ, ಟೈಮ್ ಜಾಸ್ತಿ ಬರುತ್ತದೆ. ಎರಡೂ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ (ವಾಹನದ ಮಾರ್ಪಾಡಿನ ಕುರಿತದ್ದು) ಕಣ್ಣಿಗೆ ಬೀಳುವ ಬದಲಾವಣೆಗಳೇ. ಹೆದ್ದಾರಿಯಲ್ಲಿ ಪರೀಕ್ಷೆ ಬೇಡ.