ಕಲ್ಲಿನ ಬಿರುಕಿನಲ್ಲಿ ಸಾವಿರ ಕೋಟಿ ಜೀವ

ಮಳೆಗಾಲ ಹಿಂದೆ ಸರಿದು ಧರೆಯ ಬುಡದಲ್ಲಿ ಒರತೆ ಮಾತ್ರ ಜಿನುಗುವ ಹೊತ್ತಿಗೆ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳ ಬಸಿಗಾಲುವೆಯಲ್ಲಿ ಕೆಂಪು ಲೋಳೆ ಕಟ್ಟುತ್ತದೆ. ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ. ಪಂಪ್‌ಸೆಟ್ಟಿನ ಡೀಸೆಲ್ ಸೋರಿರಬೇಕು ಎಂದುಕೊಳ್ಳುವವರೇ ಹೆಚ್ಚು. ಕಡ್ಡಿಯಿಂದ ಮುಟ್ಟಿ ನೋಡಿ. ಎಣ್ಣೆಯಾದರೆ ಸುಳಿದು ಮತ್ತೆ ಕೂಡಿಕೊಳ್ಳುತ್ತದೆ; ಇದು ತೆಳು ಗಾಜಿನ ಹಾಗೆ ಚೂರುಚೂರಾಗಿ ಒಡೆದು ತೇಲುತ್ತದೆ. ಜಂಬಿಟ್ಟಿಗೆ ಮಣ್ಣಿನಿಂದ ಬಸಿದು ಬಂದ ಕಬ್ಬಿಣವನ್ನು ಆಮ್ಲಜನಕದೊಂದಿಗೆ ಬೆಸೆದು, ಆಗ ಸಿಗುವ ಚೂರು ಶಕ್ತಿಯಲ್ಲೇ ಹೊಟ್ಟೆ ಹೊರೆಯುವ ಬ್ಯಾಕ್ಟೀರಿಯಾಗಳ ಕೆಲಸ ಅದು.

ಕಲ್ಲುಮಣ್ಣನ್ನು ನಂಬಿ ಬದುಕುವ ಜೀವಿಗಳನ್ನು ಹೀಗೆ ಮನೆಯ ಹಿಂದೆಯೇ ಕಂಡಿದ್ದರೂ, ಕಡಲ ತಳದ ಸುದ್ದಿ ಓದಿದಾಗ ನನ್ನ ಮೈ ಜುಮ್ಮೆಂದಿತು.

2010ರಲ್ಲಿ ಜಾಯಿಡ್ಸ್ ರೆಸಲ್ಯೂಷನ್ ಎಂಬ ಹಡಗು ದಕ್ಷಿಣ ಪೆಸಿಫಿಕ್ ಸಾಗರದ ತಳವನ್ನು ಕೊರೆದು, ಹೂಳಿನ ಕೆಳಗಿದ್ದ ಬಸಾಲ್ಟ್ ಶಿಲೆಯನ್ನು ಮೇಲೆತ್ತಿತು. ಅದರಲ್ಲಿ ಅತಿ ಹಳೆಯ ತುಂಡಿಗೆ 10.4 ಕೋಟಿ ವರ್ಷ. ನೆಲದ ಮೇಲೆ ಡೈನೋಸಾರ್‌ಗಳು ಓಡಾಡುತ್ತಿದ್ದಾಗ ತಣಿದ ಲಾವಾ ಅದು. ಅದರ ಬಿರುಕುಗಳು ಒಂದು ಮಿಲಿಮೀಟರಿಗಿಂತಲೂ ಕಿರಿದು. ಕಡಲ ನೀರು ಕೋಟ್ಯಂತರ ವರ್ಷ ಅಲ್ಲಿ ಇಳಿದಿಳಿದು, ಕಲ್ಲಿನ ಕಬ್ಬಿಣದೊಂದಿಗೆ ವರ್ತಿಸಿ, ಬಿರುಕಿನ ತುಂಬ ಜೇಡಿಯನ್ನು ಕಟ್ಟಿದೆ.

ಆ ಜೇಡಿಯಲ್ಲಿ ಏನಾದರೂ ಇದೆಯೇ ಎಂದು ನೋಡುವುದು ಸುಲಭವಾಗಿರಲಿಲ್ಲ. ಕಲ್ಲನ್ನು ಪುಡಿ ಮಾಡಿದರೆ ಯಾವ ಜೀವಕೋಶ ಎಲ್ಲಿತ್ತೆಂದೇ ತಿಳಿಯದು. ಟೋಕಿಯೊ ವಿಶ್ವವಿದ್ಯಾಲಯದ ಯೋಹೆ ಸುಜುಕಿ ಆಸ್ಪತ್ರೆಯ ಪ್ರಯೋಗಾಲಯದ ಉಪಾಯವನ್ನೇ ಹಿಡಿದರು. ರೋಗಿಯ ಅಂಗಾಂಶವನ್ನು ಮೇಣದಲ್ಲಿಟ್ಟು ಸೀಳುವಂತೆ ಕಲ್ಲಿಗೆ ಎಪಾಕ್ಸಿ ಅಂಟು ತುಂಬಿ ತೆಳುವಾಗಿ ಸೀಳಿದರು, ಡಿಎನ್‌ಎಗೆ ಅಂಟುವ ಬಣ್ಣ ಹಾಕಿದರು. ಸೂಕ್ಷ್ಮದರ್ಶಕದಡಿ ಕಪ್ಪು ಕಲ್ಲಿನ ನಡುವೆ ಕಿತ್ತಳೆ ಬಣ್ಣದ ಜೇಡಿಯ ಓಣಿ, ಓಣಿಯ ತುಂಬ ಹಸಿರು ಚುಕ್ಕೆಗಳು! ಒಂದು ಘನ ಸೆಂಟಿಮೀಟರ್ ಜೇಡಿಗೆ ಸುಮಾರು 1000 ಕೋಟಿ ಜೀವಕೋಶಗಳು. ಮೇಲಿನ ಹೂಳಿನಲ್ಲಿ ಅಷ್ಟೇ ಜಾಗಕ್ಕೆ ನೂರರ ಆಸುಪಾಸು. ಈ ಲೆಕ್ಕ 2020ರಲ್ಲಿ ಪ್ರಕಟವಾಯಿತು. ಹತ್ತು ವರ್ಷದ ತಾಳ್ಮೆಗೆ ನನ್ನ ನಮಸ್ಕಾರ.

ಇಲ್ಲಿನ ಜೀವಿಗಳು ಹೆಚ್ಚಾಗಿ ಜೇಡಿ ಹಿಡಿದಿಟ್ಟ ಜೈವಿಕ ಪದಾರ್ಥವನ್ನೇ ತಿನ್ನುತ್ತವೆ. ಬೇರೆಡೆ ಕಲ್ಲೇ ಊಟ ಬಡಿಸುತ್ತದೆ. ಕಬ್ಬಿಣ ತುಂಬಿದ ಶಿಲೆಗೆ ನೀರು ತಾಗಿದಾಗ ಜಲಜನಕ ಹೊರಡುತ್ತದೆ, ಅದನ್ನು ಉಣ್ಣುವ ಸೂಕ್ಷ್ಮಜೀವಿಗಳು ಮೀಥೇನ್ ಬಿಡುತ್ತವೆ. ಅಮೆರಿಕದ ವಾಯವ್ಯ ಕರಾವಳಿಯಾಚೆ ಕಡಲಡಿಯ ಬಸಾಲ್ಟಿನಲ್ಲಿ ಇಂಥ ಬದುಕಿನ ಕುರುಹು 2013ರಲ್ಲಿ ವರದಿಯಾಯಿತು. ಈ ಊಟಕ್ಕೆ ಸೂರ್ಯನ ಬೆಳಕು ಬೇಕಿಲ್ಲ.

ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ತಲೆದಿಂಬುಗಳನ್ನು ಒಟ್ಟಿದಂಥ ಬಂಡೆಗಳಿವೆ. ನೀರಿನಡಿ ಉಕ್ಕಿದ ಲಾವಾ ತಟ್ಟನೆ ತಣಿದಾಗ ಬರುವ ಆಕಾರ ಅದು; ಸುಮಾರು 250 ಕೋಟಿ ವರ್ಷ ಹಳೆಯದು. ಮುಂದಿನ ಸಲ ಅಲ್ಲಿಗೆ ಹೋದಾಗ ದಿಂಬನ್ನು ಬಿಟ್ಟು, ದಿಂಬಿಗೂ ದಿಂಬಿಗೂ ನಡುವಿನ ಸಂದಿಯ ಮುಂದೆ ಕುಳಿತುಕೊಳ್ಳಬೇಕೆಂದಿದ್ದೇನೆ.