ಕೆಸರು ಯಾರ ಕಡೆ? ಹೊಲೊವ್ಚಿನ್ ಕದನದ ಭೌತಶಾಸ್ತ್ರ

ವಾಬಿಚ್ ದೊಡ್ಡ ನದಿಯೇನಲ್ಲ. ಇಂದಿನ ಬೆಲಾರುಸ್ ದೇಶದ ಮೊಗಿಲೆವ್ ಪ್ರಾಂತ್ಯದಲ್ಲಿ ಹರಿಯುವ ಸಣ್ಣ ಹೊಳೆ. ಸೆಳೆತ ಕಡಿಮೆ. ಆದರೆ ದಡ ಅಂತ ಹೇಳಿಕೊಳ್ಳಲು ಗಟ್ಟಿ ನೆಲವೇ ಇಲ್ಲ, ಎರಡೂ ಕಡೆ ಜೌಗು. 1708ರ ಜುಲೈನಲ್ಲಿ ಹೊಲೊವ್ಚಿನ್ ಊರಿನ ಹತ್ತಿರ, ಈ ಹೊಳೆಯ ಪೂರ್ವಕ್ಕೆ ರಷ್ಯದ ಸೈನ್ಯ ಕಂದಕ ತೋಡಿಕೊಂಡು ಕೂತಿತ್ತು. ಪಶ್ಚಿಮಕ್ಕೆ, ರಷ್ಯದ ಮೇಲೆ ದಂಡೆತ್ತಿ ಹೊರಟಿದ್ದ ಸ್ವೀಡನ್ನಿನ ದೊರೆ ಹನ್ನೆರಡನೇ ಚಾರ್ಲ್ಸ್. ವಯಸ್ಸು 26.

ರಷ್ಯದವರ ಲೆಕ್ಕ ಸರಳವಾಗಿತ್ತು. ಅರ್ಧ ಜನ ನೀರಲ್ಲಿ, ಅರ್ಧ ಜನ ದಡದಲ್ಲಿ ಇರುವ ಹೊತ್ತಿನಲ್ಲಿ ಎಂಥ ಸೈನ್ಯವನ್ನಾದರೂ ಹೊಡೆಯಬಹುದು. ಹಾಗಾಗಿ ಹೊಳೆಯುದ್ದಕ್ಕೂ ಹರಡಿಕೊಂಡರು. ಉತ್ತರಕ್ಕೆ ಸೇನಾಪತಿ ಶೆರೆಮೆಟೆವ್, ದಕ್ಷಿಣಕ್ಕೆ ಸೇನಾಪತಿ ರೆಪ್ನಿನ್, ಇನ್ನೂ ಕೆಳಗೆ ಗೋಲ್ಟ್ಸ್‌ನ ಕುದುರೆ ಪಡೆ. ಶೆರೆಮೆಟೆವ್‌ಗೂ ರೆಪ್ನಿನ್‌ಗೂ ನಡುವೆ ಒಂದು ದೊಡ್ಡ ಜೌಗು. ಅಲ್ಲಿ ಕಾಲಿಟ್ಟರೆ ಹೂತುಹೋಗುವುದು ಖಾತ್ರಿ, ಅಲ್ಲಿಂದ ಯಾರು ತಾನೇ ಬರುತ್ತಾರೆ? ಅದಕ್ಕೆ ಕಾವಲು ಬೇಡ ಅಂದುಕೊಂಡರು.

ಚಾರ್ಲ್ಸ್‌ಗೆ ಅದೇ ಜೌಗು ಬೇರೆ ಥರ ಕಂಡಿತು. ಶತ್ರುವನ್ನು ತಡೆಯುವ ಕೆಸರು ಸ್ನೇಹಿತನನ್ನೂ ತಡೆಯುತ್ತದೆ, ಅಲ್ವಾ? ರೆಪ್ನಿನ್ ಮೇಲೆ ಬಿದ್ದರೆ ಶೆರೆಮೆಟೆವ್ ಬೇಗ ನೆರವಿಗೆ ಬರಲಾರ. ರಷ್ಯದ ಸೈನಿಕರು ಒಟ್ಟು ಲೆಕ್ಕದಲ್ಲಿ ಸ್ವೀಡನ್ನಿನವರಿಗಿಂತ ಬಹಳ ಜಾಸ್ತಿ ಇದ್ದರು, ನಿಜ. ಆದರೆ ಬೇಕಾದ ಜಾಗಕ್ಕೆ ಬೇಕಾದ ಹೊತ್ತಿಗೆ ತಲುಪಲಾಗದ ಸೈನಿಕ ಲೆಕ್ಕಕ್ಕೆ ಮಾತ್ರ ಸೈನಿಕ.

ಕತ್ತಲಲ್ಲೇ ಫಿರಂಗಿಗಳನ್ನು ಸದ್ದಿಲ್ಲದೆ ದಡಕ್ಕೆ ತಂದರು. ನಸುಕಿನಲ್ಲಿ ಅವು ಗುಡುಗಿದವು. ಸೇತುವೆ ಕಟ್ಟಲು ಚರ್ಮ ಹೊದಿಸಿದ ಪಾಂಟೂನ್ ದೋಣಿಗಳನ್ನು ತಂದಿದ್ದರು. ಹೆಚ್ಚುಕಡಿಮೆ ನಮ್ಮ ಹರಿಗೋಲಿನ ಉಪಾಯವೇ. ಹಗುರ, ಗಾಡಿಯಲ್ಲಿ ಸಾಗಿಸಬಹುದು. ಆದರೆ ಮಳೆ ಹೊಡೆದಿತ್ತು. ಚರ್ಮ ಅಂದರೆ ಹೆಣೆದುಕೊಂಡ ನಾರುಗಳ ರಾಶಿ. ನಾರುಗಳ ನಡುವಿನ ಸಂದುಗಳಲ್ಲಿ ನೀರು ಸೇರಿಕೊಂಡರೆ ತೂಕ ಏರುತ್ತಾ ಹೋಗುತ್ತದೆ. ಕೆಸರುಹಾದಿಯಲ್ಲಿ ದೋಣಿಗಳು ಹಿಂದೆ ಉಳಿದವು. ಕಾಯುತ್ತಾ ಕೂತರೆ ರಷ್ಯದವರು ಪೂರ್ತಿ ಎಚ್ಚೆತ್ತುಕೊಳ್ಳುತ್ತಾರೆ. ಚಾರ್ಲ್ಸ್ ಸೇತುವೆಯ ಆಸೆ ಬಿಟ್ಟು ತಾನೇ ನೀರಿಗಿಳಿದ. ಕಾವಲು ಪಡೆಯ ಸೈನಿಕರು ಬಂದೂಕು, ಮದ್ದನ್ನು ತಲೆಯ ಮೇಲೆ ಎತ್ತಿ ಹಿಡಿದು ಹಿಂದೆಯೇ ಇಳಿದರು.

ಎದೆಮಟ್ಟದ ನೀರಲ್ಲಿ ನಡೆಯುವಾಗ ಮೈಗೆ ಏನಾಗುತ್ತದೆ? ನೀರಿನ ಮೇಲೊತ್ತಡ ತೂಕದ ಬಹುಪಾಲನ್ನು ಹೊತ್ತುಬಿಡುತ್ತದೆ. 70 ಕಿಲೋ ಮನುಷ್ಯನ ಪಾದದ ಮೇಲೆ ಆಗ ಬೀಳುವುದು ಸುಮಾರು ಮೂರನೇ ಒಂದು ಭಾಗ ಅಷ್ಟೇ. ಹಾಯಾಗಿದೆಯಲ್ಲ ಅನ್ನಿಸಬಹುದು. ಆದರೆ ನೆಲದ ಮೇಲಿನ ಹಿಡಿತ ಬರುವುದೇ ತೂಕದಿಂದ. ತೂಕ ಕಡಿಮೆಯಾದಂತೆ ಘರ್ಷಣೆಯೂ ಕಡಿಮೆ, ಕಾಲು ಜಾರುತ್ತದೆ. ಅದಕ್ಕೆ ಜೊತೆಯಾಗಿ ಹರಿವಿನ ತಳ್ಳುವಿಕೆ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮೊಣಕಾಲುದ್ದದ ಹಳ್ಳ ಕೂಡ ಜನರನ್ನು ಕೊಚ್ಚಿಕೊಂಡು ಹೋಗುವುದು ಇದರಿಂದಲೇ. ವಾಬಿಚ್‌ನಲ್ಲಿ ಆಳವಿದ್ದರೂ ಸೆಳೆತವಿರಲಿಲ್ಲ. ಹಾಗಾಗಿ ದಾಟಲು ಸಾಧ್ಯವಾಯಿತು.

ಅಸಲಿ ಕಷ್ಟ ನೀರಿನ ನಡುವೆ ಇಲ್ಲ, ಹೊರಗೆ ಬರುವ ಕಡೆ ಇದೆ. ನೀರು ಹೊತ್ತಿದ್ದ ತೂಕ ಒಮ್ಮೆಗೇ ವಾಪಸ್ ಬರುತ್ತದೆ. ಉಣ್ಣೆಯ ಸಮವಸ್ತ್ರ ನೀರು ಕುಡಿದು ಮತ್ತಷ್ಟು ಭಾರವಾಗಿರುತ್ತದೆ. ಇಷ್ಟೆಲ್ಲ ಸೇರಿ ಒಂದೇ ಪಾದದಗಲದ ಕೆಸರಿನ ಮೇಲೆ ಬೀಳುತ್ತದೆ. ಜೌಗಿನ ಮಣ್ಣಿನಲ್ಲಿ ಕಣಗಳಿಗಿಂತ ನೀರೇ ಹೆಚ್ಚು, ಅದು ಭಾರ ತಡೆಯದು. ಕಾಲು ಇಳಿಯುತ್ತದೆ. ಎತ್ತಲು ಹೋದರೆ ಪಾದದಡಿ ಜಾಗ ಖಾಲಿಯಾಗಬೇಕು, ಅದನ್ನು ತುಂಬಲು ನೀರೋ ಗಾಳಿಯೋ ಒಳಗೆ ಬರಬೇಕು. ಕೆಸರಿನ ಸಂದುಗಳು ತೀರಾ ಸಣ್ಣವಾದ್ದರಿಂದ ಏನೂ ಬೇಗ ನುಗ್ಗಲಾರದು. ಪಾದದಡಿ ಒತ್ತಡ ಇಳಿದು, ಮೇಲಿನ ಗಾಳಿಯ ಒತ್ತಡವೇ ಕಾಲನ್ನು ಕೆಳಗೆ ಅದುಮುತ್ತದೆ. ಜೋರಾಗಿ ಎಳೆದಷ್ಟೂ ಹಿಡಿತ ಬಿಗಿ. ಎದುರಿಗೆ ಗುಂಡು ಹಾರಿಸುವವರಿದ್ದರೆ ನಿಧಾನವಾಗಿ ಕಾಲೆತ್ತಿ ಅಂತ ಯಾರಿಗೆ ಹೇಳುವುದು?

ಸ್ವೀಡನ್ನಿನವರು ಇದಕ್ಕೂ ತಯಾರಾಗಿ ಬಂದಿದ್ದರು. ಕಡ್ಡಿ, ರೆಂಬೆಗಳನ್ನು ಬಿಗಿಯಾಗಿ ಕಟ್ಟಿದ ಉದ್ದನೆಯ ಕಂತೆಗಳು, ಯುದ್ಧದ ಭಾಷೆಯಲ್ಲಿ ಫ್ಯಾಸೀನ್. ಕೆಸರಿನ ಮೇಲೆ ಅದನ್ನು ಹಾಸಿದರೆ ಪಾದದ ಭಾರ ಕಂತೆಯಗಲಕ್ಕೆ ಹಂಚಿಹೋಗುತ್ತದೆ. ರೆಂಬೆಗಳ ನಡುವೆ ಗಾಳಿ, ನೀರು ಸಲೀಸಾಗಿ ಓಡಾಡುವುದರಿಂದ ಕಾಲನ್ನು ಹಿಡಿದೆಳೆಯುವ ಕಾಟವೂ ಇಲ್ಲ. ಇತಿಹಾಸದ ಪುಸ್ತಕಗಳು ದೊರೆಯ ಧೈರ್ಯವನ್ನು ಹಾಡಿ ಹೊಗಳುತ್ತವೆ. ನನ್ನ ಮಟ್ಟಿಗೆ ಆ ದಿನದ ಹೀರೋ ಈ ಕಡ್ಡಿಕಟ್ಟು.

ಇನ್ನು ಮದ್ದು. ಆ ಕಾಲದ ಕೋವಿಮದ್ದು ಅಂದರೆ ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಉರಿಯಲು ಬೇಕಾದ ಆಮ್ಲಜನಕ ಕೊಡುವುದು ಪೆಟ್ಲುಪ್ಪು. ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಗಂಧಕ ಮತ್ತು ಇದ್ದಿಲು ಕರಗುವುದಿಲ್ಲ. ಹಾಗಾಗಿ ಮದ್ದು ಪೂರ್ತಿ ನೆನೆದರೆ ಬಿಸಿಲಿಗೆ ಒಣಗಿಸಿ ಮತ್ತೆ ಬಳಸುತ್ತೇವೆ ಅನ್ನುವ ಹಾಗಿಲ್ಲ. ಕಣಕಣವಾಗಿ ಬೆರೆತಿದ್ದ ಮೂರೂ ಆಗಲೇ ಬೇರೆಬೇರೆಯಾಗಿರುತ್ತವೆ. ಮದ್ದನ್ನು ತಲೆಯ ಮೇಲೆ ಹೊತ್ತಿದ್ದು ಸುಮ್ನೆ ಅಲ್ಲ. ಸ್ವೀಡನ್ನಿನ ಸೈನ್ಯಕ್ಕೆ ಇನ್ನೊಂದು ಅನುಕೂಲವಿತ್ತು. ತೀರಾ ಹತ್ತಿರ ಹೋಗಿ ಒಂದೆರಡು ಸಲ ಗುಂಡು ಹಾರಿಸಿ, ಆಮೇಲೆ ಕತ್ತಿ, ಈಟಿ ಹಿಡಿದು ನುಗ್ಗುವುದು ಅವರ ಪದ್ಧತಿ. ಕತ್ತಿಗೆ ಮಳೆಯ ಚಿಂತೆಯಿಲ್ಲ. ಆದರೂ ಆ ದಿನ ಗುಂಡಿನ ಕಾದಾಟ ಎಂದಿಗಿಂತ ಹೆಚ್ಚೇ ನಡೆಯಿತು.

ಎಂದು ನಡೆಯಿತು ಅಂತ ಕೇಳಿದರೆ ಮೂರು ಉತ್ತರವಿದೆ. ರಷ್ಯದವರಿಗೆ ಜುಲೈ 3, ಸ್ವೀಡನ್ನಿನವರಿಗೆ ಜುಲೈ 4, ನಮ್ಮ ಇಂದಿನ ಕ್ಯಾಲೆಂಡರಿನಲ್ಲಿ ಜುಲೈ 14. ಹಳೆಯ ಜೂಲಿಯನ್ ಕ್ಯಾಲೆಂಡರನ್ನು ನಿಧಾನವಾಗಿ ಬಿಡೋಣ ಅಂತ ಸ್ವೀಡನ್ 1700ರಲ್ಲಿ ಫೆಬ್ರವರಿ 29ನ್ನು ಕೈಬಿಟ್ಟಿತು. 1740ರವರೆಗೆ ಪ್ರತಿ ಅಧಿಕ ವರ್ಷದಲ್ಲೂ ಹೀಗೆ ಮಾಡಬೇಕಿತ್ತು. 1704, 1708ರಲ್ಲಿ ಅದು ಆಗಲಿಲ್ಲ. ಹೀಗೆ ಜಗತ್ತಿನ ಯಾರ ಜೊತೆಗೂ ಹೊಂದದ ಕ್ಯಾಲೆಂಡರ್ ಇಟ್ಟುಕೊಂಡು ಕೂತರು. ಕೊನೆಗೆ 1712ರಲ್ಲಿ ಫೆಬ್ರವರಿಗೆ 30 ದಿನ ಕೊಟ್ಟು ಹಳೆಯದಕ್ಕೇ ಮರಳಿದರು.

ಕದನಕ್ಕೆ ಬರೋಣ. ಚಾರ್ಲ್ಸ್ ಜೌಗಿನ ಮೂಲಕ ಬಂದು ರೆಪ್ನಿನ್ ಪಕ್ಕಕ್ಕೇ ಬಿದ್ದ. ಶೆರೆಮೆಟೆವ್‌ನ ನೆರವು ಹೊತ್ತಿಗೆ ತಲುಪಲಿಲ್ಲ. ನೆರವಿಗೆ ಹೊರಟ ಗೋಲ್ಟ್ಸ್‌ನ ಕುದುರೆ ಪಡೆಯನ್ನು ಸ್ವೀಡನ್ನಿನ ಕುದುರೆ ಪಡೆ ಎದುರಿಸಿ ಹಿಮ್ಮೆಟ್ಟಿಸಿತು. ರೆಪ್ನಿನ್ ಸೈನಿಕರು ಫಿರಂಗಿಗಳನ್ನು ಬಿಟ್ಟು ಕಾಡಿಗೆ ಸರಿದರು. ಸೋತ ರೆಪ್ನಿನ್‌ನನ್ನು ತ್ಸಾರ್ ಪೀಟರ್ ವಿಚಾರಣೆಗೆ ಗುರಿಮಾಡಿದ. ಸೇನಾಪತಿ ಸಾಮಾನ್ಯ ಸಿಪಾಯಿಯಾದ. ಅದೇ ವರ್ಷ ಲೆಸ್ನಾಯಾದಲ್ಲಿ ಚೆನ್ನಾಗಿ ಹೋರಾಡಿದ ಮೇಲೆ ಹುದ್ದೆ ವಾಪಸ್ ಬಂತು. ಜೌಗಿನ ಆಚೆ ನೋಡುತ್ತಾ ಉಳಿದವರ ತಪ್ಪಿಗೂ ಇವನೊಬ್ಬನೇ ಬೆಲೆ ತೆತ್ತ ಅಂತ ನನಗನ್ನಿಸುತ್ತದೆ.

ಮುಂದಿನ ವರ್ಷ ಪೊಲ್ಟಾವಾದಲ್ಲಿ ಚಾರ್ಲ್ಸ್ ಸೋತ. ಉಳಿದ ಸೈನ್ಯ ದಕ್ಷಿಣಕ್ಕೆ ಓಡಿ ಪೆರೆವೊಲೊಚ್ನಾ ಹತ್ತಿರ ಡ್ನೀಪರ್ ದಡಕ್ಕೆ ಬಂತು. ಅಲ್ಲಿ ಕೆಸರಿನ ಕಾಟವಿರಲಿಲ್ಲ. ಆದರೆ ಕಾಲು ನೆಲ ಮುಟ್ಟದಷ್ಟು ಆಳ, ದೊಡ್ಡ ಅಗಲ, ಮೇಲೆ ಸೆಳೆತ. ಇಲ್ಲಿ ಕಡ್ಡಿಕಟ್ಟಿಗೆ ಕೆಲಸವಿಲ್ಲ, ದೋಣಿಯೇ ಬೇಕು. ಆ ವಸಂತದಲ್ಲೇ ರಷ್ಯದವರು ಊರನ್ನು ಹಿಡಿದು ಅಲ್ಲಿನ ದೋಣಿಗಳನ್ನು ಸುಟ್ಟುಹಾಕಿದ್ದರು. ಕಾಲಿಗೆ ಗಾಯವಾಗಿದ್ದ ದೊರೆ ಚಿಕ್ಕ ತಂಡದೊಂದಿಗೆ ಹೇಗೋ ಆಚೆ ದಡ ಸೇರಿದ. ಹೊಲೊವ್ಚಿನ್ ಗೆಲುವಿಗೆ ಒಂದು ವರ್ಷ ತುಂಬಲು ಮೂರು ದಿನ ಬಾಕಿಯಿತ್ತು. ಈಚೆ ದಡದಲ್ಲೇ ಉಳಿದ ಸುಮಾರು 14,000 ಜನರೊಂದಿಗೆ ಸೇನಾಪತಿ ಲೆವೆನ್‌ಹಾಪ್ಟ್, ಬೆನ್ನಟ್ಟಿ ಬಂದ ರಷ್ಯದ ಸೇನಾಪತಿ ಮೆನ್ಶಿಕೋವ್‌ಗೆ ಶರಣಾದ.