ಮಗುವಿನ ಇಮ್ಯೂನಿಟಿ ಕಡಿಮೆ ಇದ್ದದ್ದಕ್ಕೇ ಲಿಂಫೋಮಾ ಬಂತಾ?

ಪ್ರಶ್ನೆ: ಮಗನಿಗೆ ಎಂಟು ವರ್ಷ. ಕತ್ತಿನಲ್ಲಿ ಗಂಟು, ಬಿಟ್ಟು ಬಿಟ್ಟು ಜ್ವರ. ಮೊದಲು ಇನ್‌ಫೆಕ್ಷನ್ ಅಂದರು, ಆಮೇಲೆ ಟಿಬಿ ಇರಬಹುದು ಅಂದರು. ಕೊನೆಗೆ ಬಯಾಪ್ಸಿಯಲ್ಲಿ ಅನಾಪ್ಲಾಸ್ಟಿಕ್ ಲಾರ್ಜ್ ಸೆಲ್ ಲಿಂಫೋಮಾ, ಆಲ್ಕ್ ಪಾಸಿಟಿವ್ ಅಂತ ಬಂದಿದೆ. ಅವನು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಇಮ್ಯೂನಿಟಿ ಕಡಿಮೆಯಾಗಿ ಹೀಗಾಯ್ತಾ?

ಉತ್ತರ: ಇಲ್ಲಮ್ಮ. ಲಿಂಫೋಮಾ ಅಂದರೆ ಬಿಳಿ ರಕ್ತಕಣಗಳಲ್ಲಿ ಹುಟ್ಟುವ ಒಂದು ಕ್ಯಾನ್ಸರ್. ಊಟಕ್ಕೂ ಇದಕ್ಕೂ ಸಂಬಂಧವಿಲ್ಲ. ನೀವು ಮಾಡಿದ ಯಾವ ತಪ್ಪಿನಿಂದಲೂ ಇದು ಬಂದಿಲ್ಲ.

ಮೂಲ ಕಾರಣ ಒಂದು ಜೀವಕೋಶದೊಳಗೆ ನಡೆದ ಅದಲುಬದಲು. ಹೆಚ್ಚಾಗಿ 2ನೇ ಕ್ರೋಮೋಸೋಮಿನ (ಜೀನ್‌ಗಳನ್ನು ಹೊತ್ತ ಎಳೆ) ತುಂಡು 5ನೆಯದಕ್ಕೆ, 5ನೆಯದರ ತುಂಡು 2ನೆಯದಕ್ಕೆ ಅಂಟಿಕೊಳ್ಳುತ್ತದೆ. ಇದರಿಂದ ಹುಟ್ಟುವ ಜೋಡಿ ಜೀನ್ ಯಾವುದು ಅಂತ 1994ರಲ್ಲಿ ಗೊತ್ತಾಯಿತು. ಅದರ ಒಂದು ಅರ್ಧವೇ ಆಲ್ಕ್. ಇದು ಮುಖ್ಯವಾಗಿ ನರಮಂಡಲ ಬೆಳೆಯುವ ಕಾಲದಲ್ಲಿ ಕೆಲಸ ಮಾಡುವ ಪ್ರೋಟೀನು. ಬಿಳಿ ರಕ್ತಕಣದಲ್ಲಿ ಇದಕ್ಕೆ ಜಾಗವೇ ಇಲ್ಲ.

ಹಾಗಾಗಿಯೇ ಮೈ ಇದನ್ನು ಹೊರಗಿನವನಂತೆ ನೋಡುತ್ತದೆ. ಈ ಮಕ್ಕಳ ರಕ್ತದಲ್ಲಿ ಆಲ್ಕ್ ವಿರುದ್ಧದ ಆಂಟಿಬಾಡಿಗಳು ಸಿಗುತ್ತವೆ. ಅವು ಜಾಸ್ತಿ ಇರುವ ಮಕ್ಕಳಲ್ಲಿ ರೋಗ ಮರುಕಳಿಸುವುದು ಕಡಿಮೆ ಅಂತ ಅಧ್ಯಯನಗಳು ತೋರಿಸಿವೆ. ನಿಮ್ಮ ಮಗನ ಮೈ ಸುಮ್ನೆ ಕೂತಿರಲಿಲ್ಲ.

ಆದರೆ ರೋಗ ಪತ್ತೆ ತಡವಾಗುವುದಕ್ಕೂ ಇದೇ ಹೋರಾಟ ಒಂದು ಕಾರಣ. ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಎಲ್ಲವೂ ಇನ್‌ಫೆಕ್ಷನ್‌ನಂತೆ, ಟಿಬಿಯಂತೆ ಕಾಣುತ್ತವೆ. ಗಂಟು ಒಮ್ಮೊಮ್ಮೆ ತಾನಾಗಿಯೇ ಇಳಿದು ಮತ್ತೆ ಬರುವುದೂ ಉಂಟು. ಇದರ ಒಂದು ಬಗೆಯಲ್ಲಿ ಮೈಯ ರಕ್ಷಕ ಕೋಶಗಳು ಎಷ್ಟು ದಟ್ಟವಾಗಿ ಮುತ್ತಿಕೊಂಡಿರುತ್ತವೆಂದರೆ, ಅವುಗಳ ನಡುವೆ ಕ್ಯಾನ್ಸರ್ ಕೋಶ ಹುಡುಕಬೇಕು. ಸೂಜಿ ಚುಚ್ಚಿ ತೆಗೆದ ಚೂರಿನಲ್ಲಿ ಅದು ತಪ್ಪಿಹೋಗಬಹುದು. ಅದಕ್ಕೇ ಸಾಧ್ಯವಿದ್ದರೆ ಇಡೀ ಗಂಟನ್ನೇ ತೆಗೆದು ನೋಡುವುದು ಒಳ್ಳೆಯದು. ಬಯಾಪ್ಸಿಗೆ ಮೊದಲೇ ಸ್ಟೆರಾಯ್ಡ್ ಕೊಟ್ಟರೂ ಕಷ್ಟ: ಗಂಟು ಕೆಲವು ದಿನ ಕರಗಿ, ಉತ್ತರ ಇನ್ನಷ್ಟು ಮಸುಕಾಗುತ್ತದೆ.

ಮೈಕ್ರೋಸ್ಕೋಪಿನ ಕೆಳಗೆ ಪೆಥಾಲಜಿಸ್ಟ್ ಹುಡುಕುವುದು ಒಂದು ದೊಡ್ಡ ಕೋಶವನ್ನು. ಅದರ ನ್ಯೂಕ್ಲಿಯಸ್ ಕುದುರೆ ಲಾಳದ ಹಾಗೆ ಬಾಗಿರುತ್ತದೆ. ಆಮೇಲೆ ಬಣ್ಣದ ಪರೀಕ್ಷೆ. ಕೋಶದ ಮೇಲಿರುವ ಸಿಡಿ30 ಎಂಬ ಪ್ರೋಟೀನು ಬಣ್ಣ ಹಿಡಿಯಬೇಕು. ಆಲ್ಕ್ ಕೂಡ ಕಂದು ಬಣ್ಣಕ್ಕೆ ತಿರುಗಿದರೆ ಅನುಮಾನ ಬಹುಮಟ್ಟಿಗೆ ಮುಗಿಯಿತು. ಮಕ್ಕಳಲ್ಲಿ ಈ ಲಿಂಫೋಮಾ 10ರಲ್ಲಿ 9ಕ್ಕೂ ಹೆಚ್ಚು ಸಲ ಆಲ್ಕ್ ಪಾಸಿಟಿವ್ ಆಗಿಯೇ ಇರುತ್ತದೆ.

ಇನ್ನು ಚಿಕಿತ್ಸೆ. ಮೈ ಹೋರಾಡುತ್ತಿದೆ ಅಂತ ಅದೊಂದನ್ನೇ ನಂಬಿ ಕೂರುವ ಹಾಗಿಲ್ಲ, ಕೀಮೋ ಬೇಕೇ ಬೇಕು. ಯುರೋಪಿನ ದೊಡ್ಡ ಅಧ್ಯಯನವೊಂದರಲ್ಲಿ ಎರಡು ವರ್ಷದ ನಂತರ 100ರಲ್ಲಿ 90ಕ್ಕೂ ಹೆಚ್ಚು ಮಕ್ಕಳು ಬದುಕಿದ್ದರು. ಸುಮಾರು ಕಾಲು ಭಾಗದಷ್ಟು ಮಕ್ಕಳಲ್ಲಿ ರೋಗ ಮರಳುವುದುಂಟು. ಅಂಥವರಿಗೆ ಆಲ್ಕ್ ಅನ್ನೇ ತಡೆಯುವ ಕ್ರಿಜೋಟಿನಿಬ್ ಇದೆ. ಇದಕ್ಕೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು.

ಇಮ್ಯೂನಿಟಿ ಪುಡಿ, ಟಾನಿಕ್ ಅಂತ ಯಾರಾದರೂ ತಂದುಕೊಟ್ಟರೆ ಡಾಕ್ಟರನ್ನು ಕೇಳದೆ ಕೊಡಬೇಡಿ, ಕೀಮೋ ಔಷಧಿಗೆ ಅಡ್ಡ ಬರಬಹುದು. ಅವನ ಇಮ್ಯೂನಿಟಿ ನಿಜವಾಗಿ ಇಳಿಯುವುದು ಈಗ, ಕೀಮೋ ಶುರುವಾದ ಮೇಲೆ. ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.